ನೋವಿಗೆ ಮದ್ದು ಮನೆ ಬಾಗಿಲಿಗೆ ಬರ್ಬೇಕು

ಹಾಸನದ ಕಡೆಯವನು ನಾನು, ಕೆಲಸಕ್ಕೆ ಅಂತ ಕೇರಳದ ಕಲ್ಲಿಕೋಟೆಗೆ ಬಂದು ಇಲ್ಲೇ ನಿಂತ್ಬಿಟ್ಟೆ. ಇಲ್ಲಿಂದ ನಮ್ಮೂರಿಗೆ ಏನಾದ್ರೂ ಒಂದು ತಗೊಂಡು ಹೋಗು ಅಂದ್ರೆ ಇವರ ಪಾಲಿಯೇಟಿವ್ ವ್ಯವಸ್ಥೆನೇ, ಅಂದ್ರೆ ಗಂಭೀರ ಕಾಯಿಲೆಯವರ ನೋವು, ಕಷ್ಟ ಕಮ್ಮಿ ಮಾಡೋ ಆರೈಕೆನೇ ತಗೊಂಡು ಹೋಗ್ತೀನಿ.

1993ರಲ್ಲಿ ಇಲ್ಲಿನ ಮೆಡಿಕಲ್ ಕಾಲೇಜಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತೆ ಜೊತೆಯವರು ಸಣ್ಣದಾಗಿ ಶುರು ಮಾಡಿದ್ದು, ಆಮೇಲೆ ಮಲಪ್ಪುರಂ ಕಡೆ ಊರಿನ ಜನನೇ ಕೈಗೆತ್ಕೊಂಡ್ರು, 2008ರಲ್ಲಿ ಕೇರಳ ಸರ್ಕಾರ ಇದಕ್ಕೇ ಅಂತ ಒಂದು ನೀತಿ ತಂತು, ಈಗ ಪಂಚಾಯ್ತಿ ದುಡ್ಡಲ್ಲಿ ನರ್ಸು ಮನೆಗೇ ಬರ್ತಾರೆ. ಕ್ಯಾನ್ಸರ್ ಒಂದಕ್ಕೇ ಅಲ್ಲ, ಲಕ್ವ ಹೊಡೆದು ಮಲಗಿರೋರು, ಮರೆವಿನ ಕಾಯಿಲೆಯವರು, ವಯಸ್ಸಾಗಿ ಹಾಸಿಗೆ ಹಿಡಿದವರು, ಎಲ್ಲರ ಮನೆಗೂ.

ಇಲ್ಲಿ ನಮ್ಮ ಪಕ್ಕದ್ಮನೆ ಅಜ್ಜಿ ಲಕ್ವ ಆಗಿ ಮಲಗಿದ್ದಾಗ ನೋಡಿದೀನಿ. ನರ್ಸು ಬಂದವರೇ ಮೊದ್ಲು ನೋಡಿದ್ದು ಬಿಪಿ ಅಲ್ಲ, ಹಿಮ್ಮಡಿ ಮತ್ತೆ ಸೊಂಟದ ಹಿಂಭಾಗ, ಹಾಸಿಗೆ ಹುಣ್ಣು ಶುರುವಾಗಿ ಚರ್ಮ ಕೆಂಪಾಗಿದ್ಯಾ ಅಂತ. ಮೂತ್ರ ಹೋಗೋಕೆ ಹಾಕಿದ್ದ ನಳಿಗೆ (ಕ್ಯಾತಿಟರ್) ಬದಲಾಯಿಸಿದ್ರು, ಎರಡು ಗಂಟೆಗೊಮ್ಮೆ ಮಗ್ಗುಲು ಹೇಗೆ ಬದಲಿಸ್ಬೇಕು ಅಂತ ಸೊಸೆ ಕೈಲೇ ಮಾಡಿಸಿದ್ರು, ಜೊತೆಗೆ ಬಂದಿದ್ದ ಆಟೋ ಡ್ರೈವರ್ ಒಬ್ಬ ವಾಲಂಟಿಯರ್, ಸೊಸೆಗೆ ರಾತ್ರಿ ನಿದ್ದೆ ಆಗ್ತಿದ್ಯಾ ಅಂತ ಕೇಳ್ದ. ನೋಡ್ಕೊಳ್ಳೋರನ್ನ ಹೀಗೆ ವಿಚಾರಿಸೋದು ನಮ್ಮ ಕಡೆ ನಾನಂತೂ ಎಲ್ಲೂ ಕಂಡಿಲ್ಲ.

ನಮ್ಮ ದೊಡ್ಡಪ್ಪನಿಗೆ ಕ್ಯಾನ್ಸರ್ ಮೂಳೆಗೆ ಇಳಿದಾಗ ದೊಡ್ಡ ಆಸ್ಪತ್ರೆಯೊಂದರಲ್ಲಿ ಇನ್ನೇನೂ ಮಾಡೋಕಾಗಲ್ಲ ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು, ಅಷ್ಟೇ. ನೋವಿಗೆ ಕೊಟ್ಟಿದ್ದು ಮಾಮೂಲಿ ಗುಳಿಗೆ. ಅಫೀಮಿನಿಂದ ಮಾಡೋ ಬಲವಾದ ನೋವಿನ ಔಷಧಿ ಮಾರ್ಫಿನ್ ಕೇಳಿದ್ರೆ ಅಭ್ಯಾಸ ಆಗ್ಬಿಡುತ್ತೆ ಅಂದ್ರು, ಜೀವ ಹೋಗೋ ನೋವಲ್ಲಿ ಒದ್ದಾಡ್ತಿರೋ ಎಪ್ಪತ್ತೆಂಟರ ಮನುಷ್ಯನಿಗೆ! ಇಲ್ಲಿನ ಡಾಕ್ಟ್ರು ಹೇಳೋದು ಕೇಳಿದೀನಿ, ಲೆಕ್ಕ ಹಾಕಿ ಸ್ವಲ್ಪ ಸ್ವಲ್ಪವಾಗಿ ಏರಿಸ್ಕೊಂಡು ಹೋದ್ರೆ ಭಯ ಪಡೋದು ಬೇಡ, ಮಲಬದ್ಧತೆ ಆಗುತ್ತೆ ಅದಕ್ಕೆ ಮೊದಲ ದಿನದಿಂದ್ಲೇ ಬೇರೆ ಔಷಧಿ ಜೊತೆಗೆ ಕೊಡ್ತಾರೆ. ಕಾನೂನಿನ ತೊಡಕು ಅಂತಾರೆ, 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲೇ ತಿದ್ದುಪಡಿ ಆಗಿ ಆಸ್ಪತ್ರೆಗಳು ಮಾರ್ಫಿನ್ ಇಟ್ಕೊಳ್ಳೋ ಲೈಸೆನ್ಸ್ ಸಲೀಸಾಗಿದೆ. ಉಳಿದಿರೋದು ಮನಸ್ಸು ಮಾಡೋದು, ಕಲಿಸೋದು.

ಕರ್ನಾಟಕದಲ್ಲಿ ಏನೂ ಇಲ್ಲ ಅಂತ ಹೇಳ್ತಿಲ್ಲ. ಬೆಂಗಳೂರಲ್ಲಿ ಕರುಣಾಶ್ರಯ ಕ್ಯಾನ್ಸರ್ ರೋಗಿಗಳನ್ನ ಒಂದು ಪೈಸೆ ತಗೊಳ್ಳದೆ ನೋಡ್ಕೊಳ್ತಿದೆ. ಘನತೆಯಿಂದ ಸಾಯೋ ಹಕ್ಕಿನ ಬಗ್ಗೆ, ಅಂದ್ರೆ ಚೇತರಿಸ್ಕೊಳ್ಳೋ ಆಸೆಯಿಲ್ಲದವರಿಗೆ ವೆಂಟಿಲೇಟರ್‌ನಂಥ (ಉಸಿರಾಟದ ಯಂತ್ರ) ಚಿಕಿತ್ಸೆ ನಿಲ್ಲಿಸೋ ಬಗ್ಗೆ, ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪನ್ನ ಜಾರಿಗೆ ತರೋಕೆ 2025ರ ಜನವರಿಯಲ್ಲಿ ನಮ್ಮ ಸರ್ಕಾರ ಸುತ್ತೋಲೆ ಹೊರಡಿಸ್ತು, ಅದಕ್ಕೋಸ್ಕರ ದಾವಣಗೆರೆಯ ನಿವೃತ್ತ ಶಿಕ್ಷಕಿಯೊಬ್ರು ವರ್ಷಗಟ್ಟಲೆ ಹೋರಾಡಿದ್ರು, ದೊಡ್ಡ ವಿಷ್ಯನೇ. ಆದ್ರೆ ವೆಂಟಿಲೇಟರ್ ತೆಗೆಯೋ ಹಕ್ಕು ಸಿಕ್ಕು, ಅದಾದ್ಮೇಲೆ ಮನೇಲಿ ನೋವಿಲ್ಲದೆ ಇರೋಕೆ ಬೇಕಾದ ನರ್ಸೂ ಗುಳಿಗೆನೂ ಸಿಗ್ದಿದ್ರೆ ಹೇಗೆ? ಆಗ ಮನೆಯವರು ಹೆದ್ರಿ ಮತ್ತೆ ಐಸಿಯುಗೇ ಓಡ್ತಾರೆ, ಜನ ಏನಂತಾರೋ ಅನ್ನೋ ಅಳುಕು ಬೇರೆ, ಹೊಲ ಅಡ ಇಟ್ಟು ಬಿಲ್ ಕಟ್ಟಿದವರನ್ನ ನಾನೇ ನೋಡಿದೀನಿ.

ಕೇರಳಕ್ಕೆ ಮೊದ್ಲೇ ವಯಸ್ಸಾಯ್ತು, 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ಇಲ್ಲಿ ನೂರಕ್ಕೆ 12.6, ಕರ್ನಾಟಕದಲ್ಲಿ 9.5. ಮಕ್ಕಳು ಗಲ್ಫಲ್ಲಿ, ಅಪ್ಪ ಅಮ್ಮ ಇಬ್ರೇ ಮನೇಲಿ, ಆ ಕಷ್ಟ ಇಲ್ಲೂ ತೀರಿಲ್ಲ. ನಮ್ಮ ಹಳ್ಳಿಗಳಲ್ಲೂ ಹುಡುಗ್ರು ಬೆಂಗಳೂರು ಸೇರಿ ಅದೇ ಸ್ಥಿತಿ ಬರ್ತಿದೆ. ಆಶಾ ಕಾರ್ಯಕರ್ತೆಯರು ಇದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ, ಹಾಲಿನ ಡೇರಿ ಕಟ್ಟಿ ನಡೆಸಿದ ಊರುಗಳಿವು. ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಬರೆಯೋಕೆ ಗೊತ್ತಿರೋ ಒಬ್ಬ ಡಾಕ್ಟ್ರು, ಪಂಚಾಯ್ತಿಗೆ ಒಬ್ರು ತರಬೇತಿ ಪಡೆದ ನರ್ಸು, ಓಡಾಡೋಕೆ ಒಂದು ಗಾಡಿ, ಮುಂದಿನ ಬಜೆಟ್‌ನಲ್ಲಿ ಇಷ್ಟಕ್ಕೆ ದುಡ್ಡು ಇಡಿ ಅಂತ ನಮ್ಮ ಶಾಸಕರನ್ನ ಕೇಳೋಣ.