ಬಂಪರ್ ನೋಡಿ ರಾಜಿಯಾಗಬೇಡಿ

ಶನಿವಾರ, ಭಾನುವಾರ ಬಂತೆಂದರೆ ಕುಶಾಲನಗರ–ಮಡಿಕೇರಿ ರಸ್ತೆಯ ಕಥೆ ಗೊತ್ತೇ ಇದೆಯಲ್ಲ. ಆನೆಕಾಡಿನಿಂದ ಬೋಯಿಕೇರಿ ತನಕ ಕಾರುಗಳ ಸಾಲು. ಮುಂದಿನವನು ಗಕ್ಕನೆ ಬ್ರೇಕ್ ಹಾಕಿದ, ಹಿಂದಿನವನು ಫೋನಿನಲ್ಲಿ ಮ್ಯಾಪ್ ನೋಡುತ್ತಿದ್ದ, ಧಡಕ್! ಇಬ್ಬರೂ ಇಳಿಯುತ್ತಾರೆ. ಬಂಪರ್ ಮುಟ್ಟಿ ನೋಡುತ್ತಾರೆ, ಡಿಕ್ಕಿಯ ಬಾಗಿಲು ತೆಗೆದು ಮುಚ್ಚಿ ನೋಡುತ್ತಾರೆ. ಅಷ್ಟರಲ್ಲಿ ಪಕ್ಕದ ಅಂಗಡಿಯಿಂದ ಹಿರಿಯರೊಬ್ಬರು ಬಂದು ನ್ಯಾಯಕ್ಕೆ ನಿಲ್ಲುತ್ತಾರೆ. "ಯಾರಿಗೂ ಏನೂ ಆಗಿಲ್ಲವಲ್ಲ, ಸಾಕು. ಕೇಸು ಗೀಸು ಬೇಡ, ಬಂಪರಿಗೆ ಏನಾಗುತ್ತೋ ಕೊಟ್ಟು ಹೊರಡಿ." ಫೋನ್‌ಪೇ ಆಗುತ್ತದೆ, ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ.

ಈ ರಾಜಿಗೆ ನನ್ನ ತಕರಾರಿದೆ. "ಯಾರಿಗೂ ಏನೂ ಆಗಿಲ್ಲ" ಎಂದು ಹೇಳಲು ಆ ಹೊತ್ತಿನಲ್ಲಿ ಯಾರಿಂದಲೂ ಸಾಧ್ಯವಿಲ್ಲ. ಏಟು ತಿಂದವನಿಂದಲೂ ಸಾಧ್ಯವಿಲ್ಲ.

ಹಿಂದಿನಿಂದ ಗುದ್ದಿದಾಗ ಸೀಟು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತು ಹಿಂದಕ್ಕೆ ಬಾಗಿ, ಮತ್ತೆ ಮುಂದಕ್ಕೆ ಎಸೆದಂತಾಗುತ್ತದೆ. ಎಲುಬು ಮುರಿಯದಿದ್ದರೂ ಕತ್ತಿನ ಸ್ನಾಯು, ಎಲುಬುಗಳನ್ನು ಕೂಡಿಸುವ ಅಸ್ಥಿರಜ್ಜು, ಸಣ್ಣ ಸಣ್ಣ ಕೀಲುಗಳಿಗೆ ಪೆಟ್ಟಾಗುತ್ತದೆ. ಇದಕ್ಕೇ ಡಾಕ್ಟರುಗಳು ವಿಪ್‌ಲ್ಯಾಶ್ ಅನ್ನುವುದು. ರಕ್ತವಿಲ್ಲ, ಬಾವಿಲ್ಲ. ಗಾಬರಿಯಲ್ಲಿ ಮೈ ಬಿಸಿಯಾಗಿರುವಾಗ ನೋವೂ ಗೊತ್ತಾಗುವುದಿಲ್ಲ. ಎಷ್ಟೋ ಜನರಿಗೆ ಅದು ಶುರುವಾಗುವುದು ರಾತ್ರಿ, ಇಲ್ಲವೆ ಮಾರನೆಯ ದಿನ, ಕೆಲವರಿಗೆ ಇನ್ನೂ ತಡವಾಗಿ.

ನಮ್ಮ ಭಾವನಿಗೆ ಹೀಗೇ ಆಯಿತು. ಸುಂಟಿಕೊಪ್ಪದ ಹತ್ತಿರ ಸಾಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಗುದ್ದಿದರು. ಅವತ್ತು ಸಂಜೆ ನಾನು ಕೇಳಿದಾಗ "ಏನಿಲ್ಲ ಮಾರಾಯ, ಬಂಪರ್ ಸ್ವಲ್ಪ ಒಳಗೆ ಹೋಗಿದೆ ಅಷ್ಟೇ" ಅಂದಿದ್ದರು. ಮರುದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. ಹಾಸಿಗೆಯಿಂದ ತಲೆ ಎತ್ತಲು ಆಗುತ್ತಿಲ್ಲ, ತಲೆಯ ಹಿಂಭಾಗದಿಂದ ಹಣೆ ತನಕ ನೋವು, ಬಲಗೈ ಬೆರಳು ಜುಮ್ ಅನ್ನುತ್ತಿದೆ. ಅಷ್ಟರಲ್ಲಾಗಲೇ ಪಕ್ಕದ ಮನೆಯವರು ಉಳುಕು ತೆಗೆಯುವವರನ್ನು ಕರೆತರಲು ಹೊರಟಿದ್ದರಂತೆ. ಅಕ್ಕ ತಡೆದಳು. ಈ ಒಂದು ವಿಷಯದಲ್ಲಿ ಅವಳ ಹಠ ಮೆಚ್ಚಲೇಬೇಕು. ಕಾಲು ಉಳುಕಿದಾಗ ಎಣ್ಣೆ ಹಚ್ಚಿ ಎಳೆಸಿಕೊಳ್ಳುವವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಅಪಘಾತವಾದ ಕತ್ತನ್ನು, ಎಲುಬಿಗೆ ಏನೂ ಆಗಿಲ್ಲ ಎಂದು ಗೊತ್ತಾಗುವ ಮೊದಲು ಯಾರಾದರೂ ತಿರುಚಿದರೆ ಕೈಕಾಲೇ ಹೋಗಬಹುದು.

ನೋಡಬೇಕಾದ್ದು ಇವನ್ನು. ಕತ್ತು ಬಿಗಿದುಕೊಳ್ಳುವುದು, ಪಕ್ಕಕ್ಕೆ ತಿರುಗಿಸಲಾಗದಿರುವುದು, ತಲೆಬುಡದಲ್ಲಿ ಶುರುವಾಗುವ ನೋವು, ಭುಜ ಮತ್ತು ಬೆನ್ನಿನ ಮೇಲ್ಭಾಗದ ನೋವು, ತಲೆ ತಿರುಗು, ಕಣ್ಣು ಮಂಜಾಗುವುದು, ನಿದ್ದೆ ಬಾರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು. ಕೈಕಾಲಿನ ಬಲ ಕಡಿಮೆಯಾದರೆ, ಮರಗಟ್ಟಿದರೆ, ಮೂತ್ರದ ಹತೋಟಿ ತಪ್ಪಿದರೆ ಮರುದಿನಕ್ಕೆಂದು ಕಾಯಬಾರದು, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಉಳಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸುಧಾರಿಸುತ್ತಾರೆ. ಕೆಲವರಿಗೆ ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಕತ್ತಿಗೆ ಪಟ್ಟಿ ಹಾಕಿಕೊಂಡು ತಿಂಗಳುಗಟ್ಟಲೆ ಕೂರುವುದನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ಎಲುಬು ಸರಿಯಿದೆ ಎಂದಾದ ಮೇಲೆ ಮೆಲ್ಲಗೆ ಆಡಿಸಲು, ಫಿಸಿಯೋಥೆರಪಿ ಮಾಡಿಸಲು ಹೇಳುತ್ತಾರೆ.

ಭಾವನ ಎಕ್ಸ್‌ರೇ ನಾರ್ಮಲ್ ಬಂತು. ಗಲಾಟೆ ಶುರುವಾಗುವುದೇ ಇಲ್ಲಿಂದ. ಎಕ್ಸ್‌ರೇಯಲ್ಲಿ ಕಾಣುವುದು ಎಲುಬು, ಸ್ನಾಯುವಿಗಾದ ಪೆಟ್ಟು ಅದರಲ್ಲಿ ಕಾಣುವುದಿಲ್ಲ. ಆದರೆ ನೆಂಟರಿಂದ ಹಿಡಿದು ಇನ್ಶೂರೆನ್ಸ್ ಕಂಪನಿಯ ವಕೀಲರ ತನಕ ಎಲ್ಲರೂ ಹೇಳುವುದು ಒಂದೇ ಮಾತು: "ಎಕ್ಸ್‌ರೇಯಲ್ಲಿ ಏನೂ ಇಲ್ಲವಲ್ಲ?" ಹಾಗಾಗಿ ಡಾಕ್ಟರು ಏನು ಬರೆಯುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. 1995ರಲ್ಲಿ ಕೆನಡಾದ ಕ್ವಿಬೆಕ್‌ನ ತಜ್ಞರ ತಂಡವೊಂದು ವಿಪ್‌ಲ್ಯಾಶನ್ನು ಸೊನ್ನೆಯಿಂದ ನಾಲ್ಕರ ತನಕ ದರ್ಜೆ ಮಾಡಿತು. ಬರೀ ನೋವಿದ್ದರೆ ಒಂದು. ಕತ್ತಿನ ಚಲನೆ ಕಡಿಮೆಯಾಗಿದ್ದು ಮುಟ್ಟಿದರೆ ನೋಯುವ ಜಾಗ ಡಾಕ್ಟರ ಕೈಗೆ ಸಿಕ್ಕಿದರೆ ಎರಡು. ನರದ ತೊಂದರೆ ಕಂಡರೆ ಮೂರು. ಮುರಿದಿದ್ದರೆ ಅಥವಾ ಕೀಲು ತಪ್ಪಿದ್ದರೆ ನಾಲ್ಕು. ಚೀಟಿಯಲ್ಲಿ "ಕತ್ತು ನೋವು" ಎಂದು ಎರಡೇ ಪದ ಇರುವುದಕ್ಕೂ, ಕತ್ತು ಯಾವ ಕಡೆಗೆ ಎಷ್ಟು ತಿರುಗುತ್ತದೆ, ಯಾವ ಬೆರಳು ಜುಮ್ಮೆನ್ನುತ್ತದೆ ಎಂದು ಬರೆದಿರುವುದಕ್ಕೂ ಕೋರ್ಟಿನಲ್ಲಿ ಅಜಗಜಾಂತರ. ಕೇಳಿ ಬರೆಸಿಕೊಳ್ಳಿ, ಸಂಕೋಚ ಬೇಡ. ಅಪಘಾತದಿಂದ ಆದದ್ದು ಎಂದು ಹೇಳಿ ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ದಾಖಲೆ) ಮಾಡಿಸಿ.

ವೂಂಡ್ ಸರ್ಟಿಫಿಕೇಟಿನಲ್ಲಿ, ಅಂದರೆ ಡಾಕ್ಟರು ಬರೆದುಕೊಡುವ ಗಾಯದ ಪ್ರಮಾಣಪತ್ರದಲ್ಲಿ, ಇಂಥ ಗಾಯವನ್ನು ಸಾಮಾನ್ಯವಾಗಿ "ಸಾಧಾರಣ" ಎಂದು ಬರೆದು ಮುಗಿಸುತ್ತಾರೆ. ಕಾನೂನು ಅಷ್ಟು ಕುರುಡಲ್ಲ. ಭಾರತೀಯ ನ್ಯಾಯ ಸಂಹಿತೆಯ 116ನೇ ಸೆಕ್ಷನ್ ಪ್ರಕಾರ 15 ದಿನ ತೀವ್ರ ನೋವಿನಲ್ಲಿದ್ದರೆ, ಅಥವಾ ಅಷ್ಟು ದಿನ ತನ್ನ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಹಳೆಯ ಐಪಿಸಿಯಲ್ಲಿ ಇದು 20 ದಿನ ಇತ್ತು. ಒಂದೇ ಸಲ ತೋರಿಸಿ ಮನೆಯಲ್ಲಿ ನರಳುತ್ತ ಮಲಗಿದರೆ ಆ 15 ದಿನ ಯಾವ ಕಾಗದದಲ್ಲೂ ಇರುವುದಿಲ್ಲ. ಮತ್ತೆ ಮತ್ತೆ ಹೋಗಿ ತೋರಿಸಬೇಕು.

ಇನ್ನು ಗುದ್ದಿದವರ ಮೇಲೆ "ಪಾಪ, ಹುಡುಗರು" ಎಂಬ ಕನಿಕರ. ಪರಿಹಾರ ಸಾಮಾನ್ಯವಾಗಿ ಆ ಹುಡುಗರ ಜೇಬಿನಿಂದ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ (ಆ ವಾಹನದಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ) ಕಡ್ಡಾಯ ಮಾಡಿರುವುದೇ ಇದಕ್ಕೆ. ಅವರು ಕಂತು ಕಟ್ಟಿದ್ದಾರೆ, ಕಂಪನಿ ಕೊಡುತ್ತದೆ. ರಸ್ತೆಬದಿಯಲ್ಲಿ ನಾವು ಉಳಿಸುವುದು ಹುಡುಗರನ್ನಲ್ಲ, ಕಂಪನಿಯನ್ನು! ಬೆಂಗಳೂರಿನ ಗಾಡಿ, ಕೇರಳದ ಗಾಡಿ, ಎಲ್ಲಿ ಅಲೆಯುವುದು ಅನ್ನುವವರಿಗೂ ಒಂದು ಮಾತು. 166ನೇ ಸೆಕ್ಷನ್ ಪ್ರಕಾರ ನೀವು ವಾಸವಿರುವ ಊರಿನ ವ್ಯಾಪ್ತಿಯ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲೇ, ಅಂದರೆ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲೇ, ಅರ್ಜಿ ಹಾಕಬಹುದು. ಗಡಿಯ ಮಾಕುಟ್ಟದ ಆಚೆ ಕೇರಳದಲ್ಲಿ ಗುದ್ದಿದರೂ ಇಲ್ಲೇ ಕೇಸು ನಡೆಸಬಹುದು.

ಗಡುವು ಮಾತ್ರ ನೆನಪಿರಲಿ. ಇದೇ ಕಾಯ್ದೆಯ 2019ರ ತಿದ್ದುಪಡಿಯ ಒಂದು ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಆದರೆ ಅದನ್ನು ನಂಬಿ ಕೂರುವುದು ಜಾಣತನವಲ್ಲ. ಪೊಲೀಸರಿಗೂ ಗಡುವಿದೆ: ಈಗಿನ ನಿಯಮದಂತೆ ಮೊದಲ ಅಪಘಾತ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ಟ್ರಿಬ್ಯೂನಲ್ ತಲುಪಬೇಕು. ನೋವು ಮಾರನೆಯ ದಿನ ಶುರುವಾಗಿದ್ದರೆ ದೂರು ಮಾರನೆಯ ದಿನ ಕೊಡಿ. ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು 2011ರ ರವಿ ವಿರುದ್ಧ ಬದ್ರಿನಾರಾಯಣ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿಯ ನಂಬರು, ಎರಡೂ ಗಾಡಿಯ ಫೋಟೊ, ನಿಂತು ನೋಡಿದವರ ಹೆಸರು ಇಷ್ಟಿದ್ದರೆ ಕೈ ಖಾಲಿಯಲ್ಲ.

ಕೊಡಗಿನವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ತೀರ್ಪು ಇನ್ನೊಂದಿದೆ. 2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್. ಡಾಕ್ಟರು ಶೇಕಡಾ ಇಷ್ಟು ಅಂಗವೈಕಲ್ಯ ಎಂದು ಬರೆದ ಅಂಕಿಯನ್ನೇ ಗಳಿಕೆಯ ನಷ್ಟ ಎಂದು ಎತ್ತಿಕೊಳ್ಳಬಾರದು. ಆ ಮನುಷ್ಯ ಏನು ಕೆಲಸ ಮಾಡುತ್ತಿದ್ದ, ಈ ಗಾಯದಿಂದ ಆ ಕೆಲಸಕ್ಕೆ ಎಷ್ಟು ಹೊಡೆತ ಬಿತ್ತು ಎಂದು ನೋಡಬೇಕು ಎಂದಿತು ಕೋರ್ಟು. ಭಾವ ಮಾಡುವುದು ಮೆಣಸು ಕೊಯ್ಯುವ ಮತ್ತು ಮರಗಸಿಯ (ನೆರಳು ಮರದ ಕೊಂಬೆ ಕಡಿಯುವ) ಗುತ್ತಿಗೆ. ಆಳುಗಳ ಜೊತೆ ತಾನೂ ಏಣಿ ಹತ್ತುವವರು. ಇಡೀ ದಿನ ಕತ್ತೆತ್ತಿ ಸಿಲ್ವರ್ ಓಕ್ ಮರದ ತುದಿ ನೋಡುವ ಕೆಲಸ. ಟೇಬಲ್ ಮುಂದೆ ಕೂರುವವನಿಗೆ ಕತ್ತು ಹಿಂದಕ್ಕೆ ಪೂರ್ತಿ ಬಾಗದಿದ್ದರೆ ಹೇಗೋ ನಡೆದೀತು. ಏಣಿಯ ಮೇಲೆ ತಲೆ ತಿರುಗಿದರೆ? ಆ ವರ್ಷದ ಮೆಣಸಿನ ಕೊಯ್ಲು ಅವರ ಕೈತಪ್ಪಿತು. ತೋಟದವರು ಕಾಯುವುದಿಲ್ಲ, ಬೇರೆಯವರನ್ನು ಹಾಕಿಕೊಂಡರು. ಇದು ಕೂಡ ನಷ್ಟವೇ, ಆದರೆ ಯಾರೋ ಬರೆದು ಕೊಡಬೇಕಲ್ಲ. ಒಂದು ತೋಟದ ಲೆಕ್ಕ ಬರೆಯುವ ರೈಟರ್ ಹಿಂದಿನ ವರ್ಷಗಳ ಲೆಕ್ಕದ ಪುಸ್ತಕ ತೆಗೆದು ಪ್ರತಿ ಕೊಟ್ಟರು, ಬದುಕಿಕೊಂಡೆವು. ಕೈಗೆ ಕಾಸು ತೆಗೆದುಕೊಂಡು ದುಡಿಯುವ ನಮ್ಮಲ್ಲಿ ಎಷ್ಟು ಜನರ ಗಳಿಕೆಗೆ ಒಂದು ಚೀಟಿಯಾದರೂ ಇದೆ ಹೇಳಿ?

ಸುಳ್ಳು ಹೇಳುವವರೂ ಇದ್ದಾರೆ, ನನಗೆ ಗೊತ್ತು. ನೋವು ಕಣ್ಣಿಗೆ ಕಾಣದಿರುವುದೇ ಅವರಿಗೆ ಅನುಕೂಲ. ಗಟ್ಟಿಮುಟ್ಟಾಗಿದ್ದು ಕೋರ್ಟಿಗೆ ಬರುವಾಗ ಮಾತ್ರ ಕತ್ತಿಗೆ ಪಟ್ಟಿ ಕಟ್ಟುವವರಿಂದಾಗಿ ನಿಜವಾಗಿ ನರಳುವವನ ಮಾತನ್ನೂ ಯಾರೂ ನಂಬುವುದಿಲ್ಲ. ಬಂದ ದುಡ್ಡಿನಲ್ಲಿ ನೂರಕ್ಕೆ ಇಷ್ಟು ನನಗೆ ಎಂದು ಆಸ್ಪತ್ರೆಯ ಬಾಗಿಲಲ್ಲೇ ಮಾತಿಗಿಳಿಯುವವರಿಂದ ದೂರವಿರಿ. ಫಲಿತಾಂಶದ ಮೇಲೆ ಫೀಸು ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ.

ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ಬೇರೆ ವಿಷಯ, ಅದು ಒಳ್ಳೆಯದೇ. ಆದರೆ ಅಲ್ಲಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಕತ್ತು ಯಾವ ಮಟ್ಟಕ್ಕೆ ಬಂದು ನಿಲ್ಲುತ್ತದೆ ಎಂದು ಡಾಕ್ಟರು ಹೇಳುವ ತನಕ ಸಹಿ ಬೇಡ ಎಂದು ಭಾವನಿಗೆ ನಾನೇ ಹೇಳಿದ್ದೇನೆ. ಅಕ್ಕನಿಗೆ ನನ್ನ ಮೇಲೆ ಸ್ವಲ್ಪ ಕೋಪವಿದೆ, ಇರಲಿ.

ನನಗೆ ಹೆಚ್ಚು ಚಿಂತೆಯಾಗುವುದು ಪಿಕಪ್ಪಿನ ಹಿಂದೆ ನಿಂತು ತೋಟಕ್ಕೆ ಹೋಗುವವರದ್ದು. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಕರಾಗಿ ಹತ್ತಿದವರಿಗೆ ಆ ವಾಹನದ ವಿಮೆ ಸಿಗುವುದಿಲ್ಲವೆಂದು 2002ರ ಆಶಾ ರಾಣಿ ಪ್ರಕರಣದಲ್ಲೇ ತೀರ್ಮಾನವಾಗಿದೆ. ತಪ್ಪು ಎದುರಿನ ಗಾಡಿಯದಾಗಿದ್ದರೆ ಅದರ ವಿಮೆ ಕೇಳಬಹುದು. ಕೇಳಬಹುದೆಂದು ಅವರಿಗೆ ಹೇಳುವವರು ಯಾರು? ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಅಂದರೆ ಕೊಡಗಿನ ಬುಡಕಟ್ಟಿನ ಯರವರು, ಕುರುಬರು, ತೋಟದ ಕೆಲಸದವರ ಲೈನ್ ಮನೆಯ ಎಲ್ಲ ಹೆಂಗಸರು ಇದರಲ್ಲಿ ಬಂದರು. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಇಲ್ಲವೆ 15100ಕ್ಕೆ ಫೋನ್ ಮಾಡಬಹುದು. ತೋಟದ ಮಾಲೀಕರು ಈ ನಂಬರನ್ನು ಲೈನ್ ಮನೆಯ ಗೋಡೆಯ ಮೇಲೆ ಬರೆಸಿದರೆ ಒಂದು ಡಬ್ಬ ಪೇಂಟ್ ಕೂಡ ಖರ್ಚಾಗುವುದಿಲ್ಲ.