ಇಟ್ಟ ಮೇಲೆ ಹೇಳಿದರೆ ಏನು ಬಂತು?

ಆಟದಲ್ಲಿ ಸೋಲೋದಕ್ಕೆ ನನಗೆ ಬೇಜಾರಿಲ್ಲ. ನಡೆ ಇಡುವ ಮುಂಚೆ ಅದರ ಪರಿಣಾಮವನ್ನು ಅರ್ಧಂಬರ್ಧ ತೋರಿಸುತ್ತವಲ್ಲ ಈ ಯುದ್ಧತಂತ್ರದ ಗೇಮ್‌ಗಳು, ಅದಕ್ಕೆ ಮೈ ಉರಿಯುತ್ತೆ.

ನಿನ್ನೆ ರಾತ್ರಿ ಬಿಲ್ಲುಗಾರನನ್ನು ಗುಡ್ಡದ ಮೇಲೆ ನಿಲ್ಲಿಸೋಣ ಅಂತ ಮೌಸ್ ಇಟ್ಟೆ. ಹೋಗಬಹುದಾದ ಚೌಕಗಳೆಲ್ಲ ನೀಲಿಯಾದವು. ಸರಿ, ಅಲ್ಲಿಂದ ಬಾಣ ಯಾರಿಗೆ ತಲುಪುತ್ತೆ? ಹೇಳಲ್ಲ. ಗುಡ್ಡ ಹತ್ತಿದ ಸರದಿಯಲ್ಲೇ ಹೊಡೆಯಬಹುದಾ? ಅದೂ ಹೇಳಲ್ಲ. ಹತ್ತಿಸಿದ ಮೇಲೆ ಗೊತ್ತಾಯ್ತು, ನಡುವೆ ಒಂದು ಮರ ಅಡ್ಡ! ಹಿಂದಕ್ಕೆ ಕರೆಯೋಣ ಅಂದರೆ ಅನ್‌ಡೂ ಬಟನ್ನೇ ಇಲ್ಲ. ಎದುರಿನ ಕುದುರೆ ಸವಾರ ಆರಾಮಾಗಿ ಬಂದು ಅವನ ಕತೆ ಮುಗಿಸಿದ.

ಇದೇನು ಮಾಡಲಾಗದ ಕೆಲಸವಾ? 2018ರಲ್ಲಿ ಬಂದ 'ಇನ್‌ಟು ದ ಬ್ರೀಚ್' ನೋಡಿ. ಉದ್ದಗಲಕ್ಕೆ 8 ಚೌಕಗಳ ಪುಟ್ಟ ಹಾಸು. ಶತ್ರು ಮುಂದೆ ಎಲ್ಲಿಗೆ ಹೊಡೆಯುತ್ತಾನೆ ಅನ್ನೋದನ್ನೂ ಮೊದಲೇ ತೋರಿಸಿಬಿಡುತ್ತೆ. ಎಲ್ಲ ಕಣ್ಣೆದುರೇ ಇದ್ದರೂ ತಲೆ ಕೆರೆದುಕೊಂಡು ಕೂತಿರಬೇಕು, ಅಷ್ಟು ಕಷ್ಟ. ಮುಚ್ಚಿಟ್ಟರೆ ಮಾತ್ರ ಆಟ ರೋಚಕ ಅನ್ನೋರು ಒಮ್ಮೆ ಆಡಿ ನೋಡಲಿ.

ಇನ್ನು ಅಂಕಿಗಳ ವಿಷಯ. ಫೈರ್ ಎಂಬ್ಲಮ್ ಸರಣಿಯ ಹಲವು ಆಟಗಳು ಹೊಡೆತ ತಾಗುತ್ತಾ ಇಲ್ಲವಾ ಅಂತ ತೀರ್ಮಾನಿಸೋಕೆ ಎರಡು ಯಾದೃಚ್ಛಿಕ ಸಂಖ್ಯೆಗಳ ಸರಾಸರಿ ತೆಗೆಯುತ್ತವೆ. ಹಾಗಾಗಿ ತಾಗುವ ಸಾಧ್ಯತೆ ಪರದೆ ಮೇಲೆ ಶೇ. 90 ಅಂತಿದ್ದರೆ ನಿಜದಲ್ಲಿ ಸುಮಾರು 98. ಸುಳ್ಳೇ, ಆದರೆ ಅಂಕಿಯಾದರೂ ಇದೆ. ನನ್ನ ಗೇಮ್‌ನಲ್ಲಿ ಬರೋದು 'ಸಾಧಾರಣ ಹಾನಿ' ಅಂತ ಮಾತ್ರ. ಸಾಧಾರಣ ಅಂದರೆ ಎಷ್ಟಪ್ಪಾ? ಮೂರಾ, ಮೂವತ್ತಾ?