ಜಾಗ ನಿಮ್ಮದು, ಬೆವರು ನಿಮ್ಮದು, ಕಲ್ಲಿನ ಮೇಲೆ ಹೆಸರು ನಮ್ಮದು

ಜಿಲ್ಲಾ ಪುಟದಲ್ಲಿ ಮತ್ತೆ ಅದೇ ಸುದ್ದಿ. ಗ್ರಾಮಸ್ಥರೇ ದೇಣಿಗೆ ಎತ್ತಿ, ಶ್ರಮದಾನ ಮಾಡಿ ಶಾಲೆ ಕಟ್ಟಿಕೊಂಡರು, ಅಧಿಕಾರಿಗಳಿಂದ ಶ್ಲಾಘನೆ, ಇತರ ಊರುಗಳಿಗೂ ಮಾದರಿ. ಫೋಟೋದಲ್ಲಿ ಮುಂದಿನ ಸಾಲಿಗೆ ಶ್ಲಾಘಿಸಿದವರು, ಹಿಂದಿನ ಸಾಲಿಗೆ ಕಟ್ಟಿದವರು. ಊರಿನ ಹೆಸರು ಬೇಡ ಬಿಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಊರಿನ ಹೆಸರು ಹಾಕಿದರೂ ಈ ಸುದ್ದಿ ನಡೆಯುತ್ತದೆ.

ನನಗೂ ಖುಷಿಯೇ. ಇಷ್ಟು ಅಗ್ಗಕ್ಕೆ ಶಾಲೆ ಇನ್ನೆಲ್ಲಿ ಆಗುತ್ತದೆ ಹೇಳಿ? ಜಾಗ ಯಾರೋ ಅಜ್ಜಿ ಕೊಟ್ಟಳು. ಗರಸು ಹೊಡೆಯಲು ಟ್ರ್ಯಾಕ್ಟರ್ ಒಬ್ಬನದು, ಡೀಸೆಲ್ ಇನ್ನೊಬ್ಬನದು. ಸಿಮೆಂಟಿಗೆ ಓಣಿ ಓಣಿ ತಿರುಗಿ ಪಟ್ಟಿ ಎತ್ತಿದರು. ಬುಟ್ಟಿ ಹೊತ್ತವರು ಹೆಂಗಸರು, ಗೋಡೆಗೆ ನೀರು ಹೊಡೆದವರು ಮಕ್ಕಳು. ಸರ್ಕಾರದ ಪಾಲಿಗೆ ಬಂದದ್ದು ಒಂದು ಭಾಷಣ. ಮೈಕಿನ ಬಾಡಿಗೆಯೂ ಊರವರದೇ ಇರಬೇಕು.

ಶ್ರಮದಾನದ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. 2025-26ಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕೆರೆಯ ಮಣ್ಣು ಹೊತ್ತರೆ ಅಷ್ಟು ಬರುತ್ತದೆ, ಶಾಲೆಯ ಮಣ್ಣು ಹೊತ್ತರೆ ಅಷ್ಟು ಹೋಗುತ್ತದೆ. ಸಂಜೆ ಸಾಹೇಬರು ಬಂದು ಸಮುದಾಯದ ಸಹಭಾಗಿತ್ವ ಅದ್ಭುತ ಅಂತ ಹೇಳಿ, ಚಾ ಕುಡಿದು, ಜೀಪು ಹತ್ತುತ್ತಾರೆ. ಅವರ ಆ ದಿನದ ಸಂಬಳ ಶಾಲೆಗೆ ದಾನವಾದ ಸುದ್ದಿ ನಾನಿನ್ನೂ ಓದಿಲ್ಲ.

ಈ ಸಹಭಾಗಿತ್ವದ ರುಚಿ ಹತ್ತಿಯೇ 2022ರ ಅಕ್ಟೋಬರಿನಲ್ಲಿ ಶಿಕ್ಷಣ ಇಲಾಖೆಯ ಆ ಸುತ್ತೋಲೆ ಬಂದದ್ದು. ಸರ್ಕಾರಿ ಶಾಲೆ ಮಕ್ಕಳ ಪೋಷಕರಿಂದ ತಿಂಗಳಿಗೆ ನೂರು ರೂಪಾಯಿ ದೇಣಿಗೆ ಪಡೆಯಬಹುದು ಅಂತ. ಒತ್ತಾಯ ಇಲ್ಲ, ಇಷ್ಟ ಇದ್ದವರು ಕೊಡಲಿ ಅಂತ. ಆಗ ನರೇಗಾ ಕೂಲಿ 309 ರೂಪಾಯಿ. ಮೂರು ಮಕ್ಕಳಿದ್ದರೆ ತಿಂಗಳಿಗೊಂದು ದಿನದ ಕೂಲಿ ಸೀದಾ ಶಾಲೆಗೆ. ಗಲಾಟೆ ಆಯಿತು, ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಹನುಮಂತರಾಯನೇ ಹಗ್ಗ ಕಡಿಯುವಾಗ ಪೂಜಾರಿ ಶಾವಿಗೆ ಕೇಳಿದ ಅನ್ನುವ ಗಾದೆ ನಮ್ಮಲ್ಲಿ ಇದ್ದೇ ಇದೆ. ಇಲ್ಲಿ ಶಾವಿಗೆ ಕೇಳಿದ್ದು ಪೂಜಾರಿಯೂ ಅಲ್ಲ, ಗುಡಿಯನ್ನು ನೋಡಿಕೊಳ್ಳಬೇಕಾದ ಮುಜರಾಯಿ ಇಲಾಖೆಯೇ ಅನ್ನಿ!

ಕಾನೂನು ಏನು ಹೇಳುತ್ತದೆ ಅಂತಲೂ ಒಮ್ಮೆ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಹೆಂಗಸರಿರಬೇಕು. ನಮ್ಮಲ್ಲಿ ಅದಕ್ಕೆ ಎಸ್‌ಡಿಎಂಸಿ ಅನ್ನುತ್ತೇವೆ. ಸರ್ಕಾರ ಕೊಟ್ಟ ದುಡ್ಡು ಹೇಗೆ ಖರ್ಚಾಗುತ್ತದೆ ಅಂತ ಪೋಷಕರು ಕಣ್ಣಿಡಬೇಕು, ಅದು ಅವರ ಕೆಲಸ. ಈಗ ಆಗಿರುವುದು ಉಲ್ಟಾ. ಪೋಷಕರು ದುಡ್ಡು ಕೊಡುತ್ತಾರೆ, ಸರ್ಕಾರ ಕಣ್ಣಿಡುತ್ತದೆ. ಸಭೆ ಕರೆಯುವುದು ಬೆಳಗ್ಗೆ ಹನ್ನೊಂದಕ್ಕೆ, ಅದೂ ಹತ್ತಿ ಬಿಡಿಸುವ ಸುಗ್ಗಿಯಲ್ಲಿ. ಸದಸ್ಯೆ ಹೊಲದಲ್ಲಿ ಇರುತ್ತಾಳೆ, ಗಂಡ ಬಂದು ಸಹಿ ಹಾಕುತ್ತಾನೆ. ಕೋರಂ ಆಯಿತು.

ಇರಲಿ, ಕಲ್ಲಿನ ವಿಷಯಕ್ಕೆ ಬರೋಣ. ಗೋಡೆ ಕಲ್ಲಲ್ಲ ಸ್ವಾಮಿ, ಹೆಸರಿನ ಕಲ್ಲು. ಕಪ್ಪು ಗ್ರಾನೈಟು, ಬಂಗಾರದ ಬಣ್ಣದ ಅಕ್ಷರ. ಇಡೀ ಶಾಲೆಯಲ್ಲಿ ಬಿರುಕು ಬಿಡದ ವಸ್ತು ಇದೊಂದೇ. ಒಮ್ಮೆ ನಿಂತು ಪೂರ್ತಿ ಓದಿ. ಉದ್ಘಾಟಕರು ಅತಿ ದಪ್ಪ ಅಕ್ಷರದಲ್ಲಿ. ಆಮೇಲೆ ಅಧ್ಯಕ್ಷತೆ. ಆಮೇಲೆ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಘನ ಮತ್ತು ಗೌರವ, ಇವೆರಡರ ನಡುವೆ ತೂಕದ ವ್ಯತ್ಯಾಸ ಎಷ್ಟು ಅಂತ ತಿಳಿದವನು ತಹಶೀಲ್ದಾರ್ ಕಚೇರಿಯ ಗುಮಾಸ್ತ ಒಬ್ಬನೇ. ಒಂದು ಹೆಸರು ಬಿಟ್ಟರೆ ಶಿಷ್ಟಾಚಾರ ಉಲ್ಲಂಘನೆ, ಹಕ್ಕುಚ್ಯುತಿ, ಅಮಾನತು. ಹಾಗಾಗಿ ಯಾರನ್ನೂ ಬಿಡುವುದಿಲ್ಲ. ಕೊನೆಗೆ, ನೆಲಕ್ಕೆ ತಾಗುವ ಹತ್ತಿರ, ಮಳೆ ಬಂದರೆ ಕೆಸರು ಸಿಡಿಯುವ ಸಾಲಿನಲ್ಲಿ, ‘ಹಾಗೂ ಊರಿನ ಗುರುಹಿರಿಯರು’. ಜಾಗ ಕೊಟ್ಟ ಅಜ್ಜಿ, ಡೀಸೆಲ್ ಹಾಕಿಸಿದವನು, ಬುಟ್ಟಿ ಹೊತ್ತವರು, ಎಲ್ಲರೂ ಆ ‘ಹಾಗೂ’ ಒಳಗೆ ಕೂತಿರುತ್ತಾರೆ.

ಕಲ್ಲು ಆದ ಮೇಲೆ ಬಣ್ಣ. ಈಗ ಶಾಲೆಗೆ ರೈಲು ಬೋಗಿಯ ಹಾಗೆ ಬಣ್ಣ ಬಳಿಯುವ ಫ್ಯಾಷನ್. ನೀಲಿ ಪಟ್ಟೆ, ಕಿಟಕಿ, ಬಾಗಿಲ ಪಕ್ಕ ಬೋಗಿ ನಂಬರ್. ಬೇರೆ ಕಡೆ ಏನೋ ಗೊತ್ತಿಲ್ಲ, ನಮ್ಮ ಕಡೆ ಇದಕ್ಕೆ ಅರ್ಥ ಇದೆ. ಮುನಿರಾಬಾದ್–ಮೆಹಬೂಬನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಮಂಜೂರಾದ ವರ್ಷ ಒಂದನೇ ಕ್ಲಾಸಿಗೆ ಸೇರಿದ ಹುಡುಗ ಅಷ್ಟರಲ್ಲಿ ಮದುವೆಯಾಗಿ ತನ್ನ ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಿರಬಹುದು, ಬೋಗಿ ಬಣ್ಣದ ಶಾಲೆಗೇ. ನಡುವೆ 2022ರಲ್ಲಿ ‘ವಿವೇಕ’ ಯೋಜನೆಯ ಹೊಸ ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯಬೇಕಾ ಬೇಡವಾ ಅಂತ ಬೆಂಗಳೂರಿನಲ್ಲಿ ಜಗಳ ನಡೆಯಿತು. ಮಳೆಗಾಲದಲ್ಲಿ ಸೋರುವ ನೀರಿಗೆ ಯಾವ ಬಣ್ಣ ಅಂತ ಯಾರೂ ಕೇಳಲಿಲ್ಲ.

ಜನ ಕೊಡುವುದಿಲ್ಲ ಅಂತ ಮಾತ್ರ ಹೇಳಬೇಡಿ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದು ನೋಡಿ. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರು, ಬಂಡಿ ತುಂಬ ಜೋಳದ ರೊಟ್ಟಿ ಬರುತ್ತವೆ, ಲಕ್ಷಗಟ್ಟಲೆ. ಯಾವ ಸುತ್ತೋಲೆಯೂ ಇಲ್ಲ, ಪೋರ್ಟಲ್ಲೂ ಇಲ್ಲ, ಒಟಿಪಿಯೂ ಇಲ್ಲ. ಓಣಿಯ ಹೆಂಗಸರು ರಾತ್ರಿಯೆಲ್ಲಾ ಕೂತು ರೊಟ್ಟಿ ಬಡಿಯುತ್ತಾರೆ. ಯಾಕೆಂದರೆ ಕೊಟ್ಟ ರೊಟ್ಟಿಯನ್ನು ತಿನ್ನುವವರು ಕಣ್ಣೆದುರೇ ಕೂತಿರುತ್ತಾರೆ. ಇದನ್ನು ಬರೆಯಲು ಸ್ವಲ್ಪ ಭಯವೇ ಆಗುತ್ತದೆ. ಯಾರಾದರೂ ಅಧಿಕಾರಿ ಓದಿ, ಬಿಸಿಯೂಟಕ್ಕೂ ಮನೆಗೆ ಹತ್ತು ರೊಟ್ಟಿ ಅಂತ ಆದೇಶ ಹೊರಡಿಸಿಬಿಟ್ಟರೆ ಕಷ್ಟ.

ಕೊಪ್ಪಳ ತಾಲ್ಲೂಕಿನ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ನಿಮಗೆ ಗೊತ್ತಿರಬೇಕು. ಶಾಲೆಗೆ ಎರಡು ಎಕರೆ ಹೊಲ ಬರೆದುಕೊಟ್ಟವರು. ಆಮೇಲೆ ಅದೇ ಶಾಲೆಯಲ್ಲಿ ಬಿಸಿಯೂಟ ಮಾಡಿದವರು. 2023ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಕೊಟ್ಟೆವು, ಚಪ್ಪಾಳೆ ತಟ್ಟಿದೆವು, ಕಣ್ಣು ಒದ್ದೆ ಮಾಡಿಕೊಂಡೆವು. ಅವರಿಗೆ ಕೈ ಮುಗಿಯದವರು ಯಾರಿದ್ದಾರೆ? ಆದರೆ ಒಂದು ಮಾತು ಕೇಳಬೇಕು. ಅದೇ ಕೊಪ್ಪಳದ ಸುತ್ತಮುತ್ತ ಕಾರ್ಖಾನೆ ಅಂದರೆ ನೂರಾರು ಎಕರೆ ಸಿಗುತ್ತದೆ, ನಕ್ಷೆ, ರಸ್ತೆ, ನೀರು ಎಲ್ಲಾ ಸಮೇತ. ಶಾಲೆಗೆ ಎರಡು ಎಕರೆ ಬೇಕು ಅಂದಾಗ ಮಾತ್ರ ಕೂಲಿ ಮಾಡುವ ಹೆಂಗಸೊಬ್ಬಳು ತನ್ನ ಹೊಲ ಬಿಡಬೇಕಾಗುತ್ತದೆ. ಪ್ರಶಸ್ತಿ ಅವರಿಗೆ ಬಂತು, ಸರಿ. ನಾಚಿಕೆ ಯಾರಿಗೆ ಬಂತು?

ದುಡ್ಡಿಲ್ಲ ಅಂತ ಇನ್ನೊಮ್ಮೆ ಹೇಳಬೇಡಿ, ಸಾಕಾಗಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371 ಜೆ ಬಂದು ಹತ್ತು ವರ್ಷ ದಾಟಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾರೆ. ಬಳ್ಳಾರಿಯಲ್ಲಿ ಗಣಿ ಬಾಧಿತ ಊರುಗಳಿಗೆ ಅಂತಲೇ ಖನಿಜ ಪ್ರತಿಷ್ಠಾನದ ನಿಧಿ ಬೇರೆ ಇದೆ. ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕೆ 16,085 ಕೋಟಿ ನಷ್ಟ ಅಂತ 2011ರಲ್ಲಿ ಲೋಕಾಯುಕ್ತ ವರದಿ ಹೇಳಿತು. ಅಷ್ಟು ಕೋಟಿಗೆ ರಸೀದಿ ಕೇಳದೆ ಬಿಟ್ಟವರು, ಸಂಡೂರಿನ ಕೆಂಪು ದೂಳು ತಿಂದ ತಾಯಿಗೆ ನೂರು ರೂಪಾಯಿಗೆ ರಸೀದಿ ಹರಿದುಕೊಡಲು ಹೊರಟಿದ್ದರು.

ಹೊಸ ಕೊಠಡಿ ಕಟ್ಟಿಲ್ಲ ಅಂತಲ್ಲ, ಕಟ್ಟಿದ್ದಾರೆ. ಈಗ ಸಮಸ್ಯೆ ಕೊಠಡಿಯೊಳಗಿನದು. ಕೊಠಡಿ ಇದೆ, ಬೋರ್ಡಿದೆ, ಬೋಗಿ ನಂಬರೂ ಇದೆ, ಗಣಿತದ ಮೇಷ್ಟ್ರಿಲ್ಲ. ಬಂದವರು ಬಂದ ದಿನದಿಂದಲೇ ವರ್ಗಾವಣೆ ಅರ್ಜಿ ಬರೆಯುತ್ತಾರೆ. ಉಳಿದದ್ದು ಅತಿಥಿ ಶಿಕ್ಷಕರ ತಲೆ ಮೇಲೆ. ಅವರೂ ಸಿಗದಿದ್ದರೆ ಊರವರೇ ಪಟ್ಟಿ ಎತ್ತಿ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಹುಡುಗಿಯನ್ನು ಕರೆದು ಪಾಠ ಮಾಡಿಸುತ್ತಾರೆ. ಇದೂ ಸಹಭಾಗಿತ್ವವೇ ಅಲ್ವಾ? ಮುಂದಿನ ಸುತ್ತೋಲೆ ಏನಿರಬಹುದು ಅಂತ ಈಗಲೇ ಊಹಿಸಬಹುದು: ಪ್ರತಿ ಊರೂ ತನಗೆ ಬೇಕಾದ ಮೇಷ್ಟ್ರನ್ನು ತಾನೇ ಹೆತ್ತು, ಸಾಕಿ, ಬಿಎಡ್ ಓದಿಸಿ, ಜೂನ್ ಒಂದಕ್ಕೆ ಶಾಲೆಗೆ ತಲುಪಿಸತಕ್ಕದ್ದು. ಒತ್ತಾಯವೇನಿಲ್ಲ.